ನಾಲ್ಕನೇ ಸ್ಥಾನ ಅಂದ್ರೆ ಸೊನ್ನೆನಾ?

ಪ್ಯಾರಿಸ್ ಒಲಿಂಪಿಕ್ಸ್, 2024ರ ಆಗಸ್ಟ್ 7ರ ರಾತ್ರಿ. ಮಹಿಳೆಯರ 49 ಕೆಜಿ ವೇಟ್‌ಲಿಫ್ಟಿಂಗ್‌ನಲ್ಲಿ ಮೀರಾಬಾಯಿ ಚಾನು ಕೊನೆಯ ಪ್ರಯತ್ನದಲ್ಲಿ 114 ಕೆಜಿ ಎತ್ತೋಕೆ ಆಗಲಿಲ್ಲ. ನಾನು ಬುಲೆಟಿನ್‌ನಲ್ಲಿ ಓದಿದ್ದು ಒಂದೇ ಸಾಲು: 'ಮೀರಾಬಾಯಿಗೆ ನಿರಾಸೆ, ಬರಿಗೈಲಿ ವಾಪಸ್.' ಮುಂದಿನ ಸುದ್ದಿಗೆ ಹೋದೆ.

ಮರುದಿನ ಒಬ್ಬ ದೈಹಿಕ ಶಿಕ್ಷಕರು ಫೋನ್ ಮಾಡಿದ್ರು. 'ಎಷ್ಟು ಕೆಜಿಗೆ ಸೋತ್ರು ಅಂತ ನೀವು ಹೇಳಲೇ ಇಲ್ಲವಲ್ಲ ಸಾರ್? ನಮ್ಮ ಶಾಲೇಲಿ ಓಡೋ ಹುಡುಗಿ ನಿಮ್ಮ ನ್ಯೂಸ್ ನೋಡ್ತಾಳೆ. ನಾಲ್ಕನೇದು ಬಂದ್ರೆ ಬರಿಗೈ ಅಂತ ಅವಳಿಗೆ ಹೇಳಿಕೊಟ್ರಿ' ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ಆಮೇಲೆ ಕೂತು ಲೆಕ್ಕ ತೆಗೆದೆ. ಕಂಚು ಗೆದ್ದ ಥಾಯ್ಲೆಂಡ್ ಆಟಗಾರ್ತಿ ಎತ್ತಿದ್ದು ಒಟ್ಟು 200 ಕೆಜಿ. ಮೀರಾಬಾಯಿ 199. ಒಂದೇ ಒಂದು ಕಿಲೋ!

ಪ್ಯಾರಿಸ್‌ಗೆ ಹೋಗಿದ್ದ ನಮ್ಮ ತಂಡದಲ್ಲಿ 117 ಕ್ರೀಡಾಪಟುಗಳಿದ್ದರು. ಬಂದದ್ದು ಒಂದು ಬೆಳ್ಳಿ, ಐದು ಕಂಚು. ಪದಕ ಪಟ್ಟಿಯಲ್ಲಿ 71ನೇ ಸ್ಥಾನ. ಒಂದೇ ಪದಕ ಗೆದ್ದ ಪಾಕಿಸ್ತಾನ 62ನೇ ಸ್ಥಾನದಲ್ಲಿತ್ತು. ಯಾಕೆ ಗೊತ್ತಾ? ಅರ್ಷದ್ ನದೀಮ್ ಗೆದ್ದದ್ದು ಚಿನ್ನ. ಪಟ್ಟಿ ಮೊದಲು ಚಿನ್ನ ಎಣಿಸುತ್ತೆ, ಅದು ಸಮ ಆದ್ರೆ ಬೆಳ್ಳಿ, ಆಮೇಲೆ ಕಂಚು. ನಾಲ್ಕನೇ ಸ್ಥಾನಕ್ಕೆ ಅಲ್ಲಿ ಕಾಲಂ ಇಲ್ಲ. ಆದರೆ ಪ್ಯಾರಿಸ್‌ನಲ್ಲಿ ಭಾರತ ಆರು ಸಲ ನಾಲ್ಕನೇ ಸ್ಥಾನ ಪಡೆಯಿತು. ಬಂದ ಪದಕ ಆರು, ತಪ್ಪಿದ ಪದಕವೂ ಆರು.

ಎಂಜಿನಿಯರಿಂಗ್‌ನಲ್ಲಿ ಕಂಪ್ಯಾರೇಟರ್ ಅಂತ ಒಂದು ಪುಟ್ಟ ಸರ್ಕ್ಯೂಟ್ ಓದಿದ್ದೆ. ಒಂದು ಗೆರೆ ಹಾಕಿರ್ತಾರೆ. ವೋಲ್ಟೇಜ್ ಆ ಗೆರೆ ದಾಟಿದ್ರೆ 1, ಕೂದಲೆಳೆಯಷ್ಟು ಕಡಿಮೆ ಆದ್ರೂ 0. ಎಷ್ಟು ಕಡಿಮೆ ಅನ್ನೋದನ್ನ ಅದು ಹೇಳೋದಿಲ್ಲ. ಪದಕ ಪಟ್ಟಿಯೂ ಹಾಗೇ. ನಮ್ಮಂಥ ನ್ಯೂಸ್ ಚಾನೆಲ್‌ಗಳೂ ಹಾಗೇ.

1984ರ ಲಾಸ್ ಏಂಜಲೀಸ್ ನೋಡಿ. 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ 55.42 ಸೆಕೆಂಡ್, ಮೂರನೆಯವರು 55.41. ಸೆಕೆಂಡಿನ ನೂರನೇ ಒಂದು ಭಾಗ. ಉಷಾ ಅವರ ಸರಾಸರಿ ವೇಗದಲ್ಲಿ ಗುಣಿಸಿದ್ರೆ ಅದು ಸುಮಾರು 7 ಸೆಂಟಿಮೀಟರ್, ಒಂದು ಅಂಗೈ ಅಗಲ. ಓಟದಲ್ಲಿ ಗೆರೆ ಮುಟ್ಟಬೇಕಾದ್ದು ಕಾಲಲ್ಲ, ತಲೆಯೂ ಅಲ್ಲ, ಮುಂಡ. ಹಾಗಾಗಿಯೇ ಓಟಗಾರರು ಕೊನೆಯಲ್ಲಿ ಎದೆ ಮುಂದೆ ಚಾಚುತ್ತಾರೆ. ಇನ್ನು ನಮ್ಮ ಬೆಂಗಳೂರಿನ ಅದಿತಿ ಅಶೋಕ್. ಟೋಕಿಯೋ ಗಾಲ್ಫ್‌ನಲ್ಲಿ ನಾಲ್ಕು ದಿನ ಆಡಿ 269 ಹೊಡೆತ. ಕಂಚಿಗೆ ಬೇಕಾಗಿದ್ದದ್ದು 268.

ಇನ್ನೊಂದು ವಿಚಿತ್ರ ಇದೆ. ಬಾಕ್ಸಿಂಗ್‌ನಲ್ಲಿ ಸೆಮಿಫೈನಲ್ ಸೋತ ಇಬ್ಬರಿಗೂ ಕಂಚು ಸಿಗುತ್ತೆ. ಕುಸ್ತಿಯಲ್ಲೂ ಪ್ರತಿ ತೂಕದಲ್ಲಿ ಎರಡು ಕಂಚು. ಆದರೆ ಬ್ಯಾಡ್ಮಿಂಟನ್‌ನಲ್ಲಿ ಒಂದೇ. ಬೆಂಗಳೂರಲ್ಲಿ ತರಬೇತಿ ಪಡೆದ ಲಕ್ಷ್ಯ ಸೇನ್ ಪ್ಯಾರಿಸ್ ಸೆಮಿಫೈನಲ್‌ವರೆಗೆ ಹೋಗಿ, ಕಂಚಿನ ಪಂದ್ಯದಲ್ಲಿ ಮೊದಲ ಗೇಮ್ ಗೆದ್ದು, ಆಮೇಲೆ ಎರಡು ಗೇಮ್ ಸೋತರು. ಬಾಕ್ಸಿಂಗ್ ನಿಯಮ ಇಲ್ಲೂ ಇದ್ದಿದ್ರೆ ಅವರ ಕೊರಳಲ್ಲಿ ಪದಕ ಇರ್ತಿತ್ತು. ಅಂದ್ರೆ ಆ ಗೆರೆಯನ್ನ ಎಲ್ಲಿ ಎಳೀಬೇಕು ಅಂತ ತೀರ್ಮಾನಿಸಿದ್ದೂ ಮನುಷ್ಯರೇ.

ಹಾಗಂತ ಎಲ್ಲ ನಾಲ್ಕನೇ ಸ್ಥಾನಕ್ಕೂ ಒಂದೇ ಸಮ ಕಣ್ಣೀರು ಹಾಕೋದೂ ತಪ್ಪು. ಮಿಶ್ರ ಸ್ಕೀಟ್ ಶೂಟಿಂಗ್‌ನಲ್ಲಿ ನಮ್ಮ ಜೋಡಿ ಚೀನಾ ಎದುರು 43-44ರಲ್ಲಿ ಸೋತಿತು. ಅದು ಒಂದು ಗುರಿಯ ವ್ಯತ್ಯಾಸ. ಮಿಶ್ರ ಆರ್ಚರಿಯಲ್ಲಿ ಅಮೆರಿಕ ಎದುರು 2-6. ಅದು ಸ್ಪಷ್ಟ ಸೋಲು. ಎರಡಕ್ಕೂ ಔಷಧಿ ಬೇರೆ. ಮೊದಲನೆಯದಕ್ಕೆ ಒತ್ತಡದಲ್ಲಿ ಆಡುವ ಅಭ್ಯಾಸ ಸಾಕಾಗಬಹುದು, ಎರಡನೆಯದಕ್ಕೆ ಇನ್ನೂ ಗಟ್ಟಿ ತಯಾರಿ ಬೇಕು. ಅಂತರ ಎಷ್ಟು ಅಂತ ಕೇಳದೇ 'ದುರದೃಷ್ಟ' ಅಂದುಬಿಟ್ರೆ ಎರಡೂ ಸರಿಯಾಗಲ್ಲ.

ನಗದು ಬಹುಮಾನ, ಜಾಹೀರಾತು, ಏರ್‌ಪೋರ್ಟ್‌ನಲ್ಲಿ ಹಾರ, ಇವೆಲ್ಲ ಬಹುತೇಕ ಆ ಗೆರೆಯ ಆಚೆ ಇವೆ. ಅದನ್ನ ನಾನು ಬದಲಾಯಿಸೋಕಾಗಲ್ಲ. ನನ್ನ ಕೈಲಿರೋದು ಒಂದು ಸಾಲು. ಈಗ ನಾಲ್ಕನೇ ಸ್ಥಾನ ಬಂದ್ರೆ ಅಂತರ ಎಷ್ಟು ಅಂತ ಕೇಳದೇ ಓದಲ್ಲ.

ಮೀರಾಬಾಯಿ ಟೋಕಿಯೋದಲ್ಲಿ 202 ಕೆಜಿ ಎತ್ತಿ ಬೆಳ್ಳಿ ಗೆದ್ದಿದ್ರು. ಮೂರು ವರ್ಷದ ನಂತರ, ಇನ್ನೊಂದು ಒಲಿಂಪಿಕ್ಸ್‌ನಲ್ಲಿ, 199. ಮಾಸ್ತರರೇ, ಆ ಹುಡುಗಿಗೆ ದಯವಿಟ್ಟು ಹೇಳಿ: ಅವತ್ತು ನಾನು ಓದಿದ ಸುದ್ದಿ ತಪ್ಪಾಗಿತ್ತು.