ರಕ್ತ ಹಳೆಯದು, ನೆಲ ಹೊಸದು

ಮುಂಡಗೋಡದ ಸಂತೆಯಲ್ಲಿ ಮೈನಳ್ಳಿ ಕಡೆಯ ಸಿದ್ದಿ ಹೆಂಗಸೂ ಕ್ಯಾಂಪಿನ ಟಿಬೆಟನ್ ಅಜ್ಜಿಯೂ ಒಂದೇ ರಾಶಿಯ ಮೆಣಸಿನಕಾಯಿಗೆ ಚೌಕಾಸಿ ಮಾಡುವುದುಂಟು. ಒಬ್ಬರ ಪೂರ್ವಿಕರು ಪೋರ್ಚುಗೀಸರ ಹಡಗಿನಲ್ಲಿ ಆಫ್ರಿಕದಿಂದ ಗುಲಾಮರಾಗಿ ಗೋವೆಗೆ ಬಂದು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಇನ್ನೊಬ್ಬರ ಜನ 1959ರ ನಂತರ ಹಿಮಾಲಯ ದಾಟಿದವರು. ಇಲ್ಲಿ ಅವರ ವಸಾಹತು ಶುರುವಾದದ್ದು 1966ರಲ್ಲಿ.

ಟಿಬೆಟಿನ ಲ್ಹಾಸಾ ಇರುವುದು ಸುಮಾರು 3,650 ಮೀಟರ್ ಎತ್ತರದಲ್ಲಿ. ನಾವು ಹೋಗಿ ಅಲ್ಲಿ ನೆಲೆಸಿದರೆ ಆಮ್ಲಜನಕ ಸಾಲದೆ ದೇಹ ಕೆಂಪು ರಕ್ತಕಣಗಳನ್ನು ಹೆಚ್ಚಿಸುತ್ತ ಹೋಗುತ್ತದೆ, ರಕ್ತ ಮಂದವಾಗುತ್ತದೆ. ಟಿಬೆಟನ್ನರಲ್ಲಿ ಅದನ್ನು ಹದ್ದಿನಲ್ಲಿಡುವುದು ಇಪಿಎಎಸ್1 ಎಂಬ ಜೀನಿನ ಒಂದು ರೂಪ. ಅಳಿದುಹೋದ ಡೆನಿಸೋವನ್ ಮಾನವರಿಂದ ಅದು ಬಂದಿತೆಂದು 2014ರಲ್ಲಿ ವಿಜ್ಞಾನಿಗಳು ತೋರಿಸಿದರು. ಆದರೆ 600 ಮೀಟರೂ ಎತ್ತರವಿಲ್ಲದ ಮುಂಡಗೋಡದಲ್ಲಿ ಆ ಜೀನಿಗೆ ಅಂಥ ಕೆಲಸವೇನಿಲ್ಲ. ಇಲ್ಲಿ ಕೆಲಸ ಮಾಡುತ್ತಿರುವುದು ಉಪ್ಪು. ಬೆಣ್ಣೆ, ಉಪ್ಪು ಹಾಕಿ ಕಡೆದ ಚಹಾ ಕೊರೆಯುವ ಚಳಿಯಲ್ಲಿ ಯಾಕ್ ಮೇಯಿಸುವವನಿಗೆ ಬೇಕಾದದ್ದೇ. ಸೆಕೆಯಲ್ಲಿ ಅಂಗಡಿ ಕಾಯುತ್ತ ಕುಳಿತವನಿಗೆ ಅದು ಬಿಪಿಯ ದಾರಿ. ಭಾರತದ ಟಿಬೆಟನ್ ನಿರಾಶ್ರಿತರಲ್ಲಿ ಕ್ಷಯವೂ ಹೆಚ್ಚು. ಅದಕ್ಕೆ ಕುಲದ ಕಡೆ ಬೆರಳು ತೋರಿಸುವ ಮುನ್ನ ಹತ್ತಾರು ಜನ ಒಟ್ಟಿಗೆ ಮಲಗುವ ಕೋಣೆಗಳನ್ನೂ ಗಾಳಿಯಾಡದ ಕಿಟಕಿಗಳನ್ನೂ ನೋಡಬೇಕು.

ಸಿದ್ದಿಗಳ ರಕ್ತದ ಮೇಲಂತೂ ಸರ್ಕಾರವೇ ಒಮ್ಮೆ ಪಣ ಕಟ್ಟಿತ್ತು. ಮಾರ್ಗರೆಟ್ ಆಳ್ವ ಕ್ರೀಡಾ ಸಚಿವೆಯಾಗಿದ್ದ 1980ರ ದಶಕದಲ್ಲಿ, ಆಫ್ರಿಕದ ಮೂಲವಿದ್ದರೆ ಪದಕ ಬರುತ್ತದೆಂದು ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕಳಿಸಲಾಯಿತು. ಕೆಲವರು ಗೆದ್ದರು ಕೂಡ. 1990ರ ದಶಕದಲ್ಲಿ ಯೋಜನೆ ನಿಂತಿತು. ಮಕ್ಕಳು ಹಾಡಿಗಳಿಗೆ, ಕೂಲಿಗೆ ಮರಳಿದರು. ರಕ್ತ ಅದೇ ಇತ್ತು, ಊಟವೂ ಮೈದಾನವೂ ಹೋಗಿದ್ದವು! ಅಷ್ಟಕ್ಕೂ ಆ ರಕ್ತ ಬರೀ ಆಫ್ರಿಕದ್ದಲ್ಲ. ಅದರಲ್ಲಿ ಭಾರತೀಯರದ್ದೂ ಬೆರೆತಿದೆಯೆಂದು ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಸೇರಿ ನಡೆಸಿದ ಅಧ್ಯಯನ 2011ರಲ್ಲಿ ಹೇಳಿತು. ಜೇನು, ಗೆಡ್ಡೆ, ಚಿಗಳಿ ಇರುವೆಯ ಚಟ್ನಿ ಉಣ್ಣುತ್ತಿದ್ದವರಿಗೆ ಕಾಡಿನ ಬಾಗಿಲು ಕಿರಿದಾಗಿ, ರೇಷನ್ ಅಕ್ಕಿಯೇ ತಟ್ಟೆ ತುಂಬಿದರೆ ಮೈ ಬದಲಾಗದೆ ಇರುತ್ತದೆಯೇ?

ಜೀನಿನ ಮಾತು ಸುಳ್ಳೆಂದಲ್ಲ. ಮಲೇರಿಯಾ ಇದ್ದ ನಾಡುಗಳಲ್ಲಿ ಕುಡುಗೋಲು ಕಣದ (ಸಿಕಲ್ ಸೆಲ್) ಜೀನು ಉಳಿದು ಬಂದದ್ದು ಅದರ ಒಂದು ಪ್ರತಿ ಜ್ವರದ ಸಾವಿನಿಂದ ಕಾಪಾಡುತ್ತದೆಂದೇ. ಎರಡು ಪ್ರತಿ ಸೇರಿದರೆ ಮಾತ್ರ ರಕ್ತಹೀನತೆ, ತಾಳಲಾರದ ನೋವು. ಎರಡು ಸೇರುವುದು ತಂದೆತಾಯಿ ಇಬ್ಬರೂ ವಾಹಕರಾದಾಗ. ಸಂಬಂಧ ಒಳಗೊಳಗೇ ಬೆಳೆಸುವ ಯಾವ ಸಮುದಾಯದಲ್ಲಾದರೂ ಆ ಸಾಧ್ಯತೆ ಹೆಚ್ಚು. ಸೊಳ್ಳೆ ಉಳಿಸಿದ ಜೀನಿನ ಲೆಕ್ಕ ಹೀಗೆ ಮದುವೆ ಮಾತುಕತೆಯ ಜಗುಲಿಗೆ ಬಂದು ಕೂರುತ್ತದೆ.

2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಕುಡುಗೋಲು ಕಣ ನಿರ್ಮೂಲನಾ ಅಭಿಯಾನದಲ್ಲಿ ಕರ್ನಾಟಕವೂ ಇದೆ. ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದವರೆಗಿನವರ ತಪಾಸಣೆ ಅದರ ಗುರಿ. ಹಳಿಯಾಳ, ಜೋಯಿಡಾ, ಮುಂಡಗೋಡದ ತಾಯ್ತಂದೆಯರೇ, ಆರೋಗ್ಯ ಸಿಬ್ಬಂದಿ ಬಂದಾಗ ಹಿಂಜರಿಯದೆ ಬೆರಳು ಕೊಡಿ. ವಾಹಕರೆಂದು ಬಂದರೆ ರೋಗಿಗಳೆಂದಲ್ಲ. ಸಂಬಂಧ ಕುದುರಿಸುವ ಮೊದಲು ಎರಡೂ ಕಡೆಯ ವರದಿ ನೋಡಿದರಾಯಿತು.