ಮಗುವಿಗೆ ಚಂದ್ರನ ಹೆಸರು: ಗ್ರೀಸಿನದೋ, ನಮ್ಮದೋ?

ಹೆಸರಿಡೋದು ಅಂದ್ರೆ ಈಗ ಮನೆಮಂದಿಯೆಲ್ಲ ಕೂತು ಪಂಚಾಯ್ತಿ ಮಾಡೋ ವಿಷಯ. ಬೆಂಗಳೂರಿನ ಓದುಗರೊಬ್ಬರು ಗಂಡನ ಊರಾದ ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನಿಂದ ಪತ್ರ ಬರೆದಿದ್ದಾರೆ. ಹೆಣ್ಣುಮಗು, ಪೂರ್ವಾಭಾದ್ರ ಒಂದನೇ ಪಾದ, ಬಂದ ಅಕ್ಷರ 'ಸೇ'. ಈ ಅಕ್ಷರಕ್ಕೆ ಎಷ್ಟು ಹೆಸರು ಸಿಗುತ್ತೆ ಹೇಳಿ! ಹುಡುಕಿ ಹುಡುಕಿ ಗಂಡ-ಹೆಂಡತಿ 'ಸೆಲೀನಾ' ಅಂತ ಆರಿಸಿದ್ದಾರೆ, ಅರ್ಥ ಚಂದ್ರ ಅಂತೆ. ಅತ್ತೆಗೆ ಆ ಹೆಸರು ಬಾಯಿಗೂ ಬರೋಲ್ಲ, ಮನಸ್ಸಿಗೂ ಬರೋಲ್ಲ. ಸಾಲದ್ದಕ್ಕೆ ಜಾತಕ ನೋಡಿದವರು 'ಕೇಮದ್ರುಮ ಯೋಗ ಇದೆ, ಶಾಂತಿ ಮಾಡಿಸಿ' ಎಂದು ಹೆದರಿಸಿದ್ದಾರಂತೆ. ಏನು ಮಾಡಲಿ ಅನ್ನೋದು ಪ್ರಶ್ನೆ.

ಮೊದಲು ಹೆಸರಿನ ವಿಚಾರ. ಗ್ರೀಕರಿಗೆ ಚಂದ್ರ ಗಂಡಲ್ಲ, ಹೆಣ್ಣು. ಅವಳ ಹೆಸರು ಸೆಲೇನೆ. 'ಸೆಲಾಸ್' ಅಂದ್ರೆ ಬೆಳಕು, ಅದರಿಂದ ಬಂದದ್ದು. ನಿದ್ದೆಯಿಂದ ಏಳದ ಕುರುಬ ಎಂಡಿಮಿಯಾನನನ್ನು ಅವಳು ಪ್ರೀತಿಸಿದಳು ಅಂತ ಅವರ ಕಥೆ. ಸೆಲೀನಾ ಆ ಸೆಲೇನೆಯಿಂದಲೇ ಬಂತು ಎಂದು ಸಾಮಾನ್ಯವಾಗಿ ಹೇಳ್ತಾರೆ, ಲ್ಯಾಟಿನ್ನಿನ ಆಕಾಶ ಎಂಬ ಪದದಿಂದ ಅನ್ನುವವರೂ ಇದ್ದಾರೆ. ವಿಟಮಿನ್ ಮಾತ್ರೆಯ ಹಾಳೆ ಮೇಲೆ 'ಸೆಲೆನಿಯಂ' ಅಂತ ಓದಿರ್ತೀರಲ್ಲ, ಅದೂ ಇದೇ ಚಂದ್ರಮ್ಮನ ಹೆಸರು. 1817ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಅದನ್ನು ಕಂಡುಹಿಡಿದಾಗ, ಅದರ ಜೋಡಿ ಧಾತು ಟೆಲ್ಯೂರಿಯಂಗೆ ಭೂಮಿಯ ಹೆಸರಿದ್ದದ್ದರಿಂದ ಇದಕ್ಕೆ ಚಂದ್ರನ ಹೆಸರಿಟ್ಟ.

ಮಂಗಳೂರು ಕಡೆಯ ಕ್ರೈಸ್ತ ಮನೆಗಳಲ್ಲಿ ಕೇಳುವ ಸಿಂಥಿಯಾ ಕೂಡ ಚಂದ್ರನ ನಂಟಿನದೇ. ಆದರೆ ಪದದ ಅರ್ಥ 'ಕಿಂಥೋಸ್ ಬೆಟ್ಟದವಳು' ಅಂತ ಅಷ್ಟೆ. ಡೆಲೋಸ್ ದ್ವೀಪದ ಆ ಬೆಟ್ಟದಲ್ಲಿ ಹುಟ್ಟಿದ ಆರ್ಟೆಮಿಸ್ ದೇವಿಯನ್ನು ಆಮೇಲೆ ಚಂದ್ರನ ಜೊತೆ ಸೇರಿಸಿದರು. ನಮ್ಮಲ್ಲಿ ಬೆಟ್ಟದ ರಂಗನನ್ನು ನೆನೆದು ಮಗನಿಗೆ ಬಿಳಿಗಿರಿ ಅಂತ ಹೆಸರಿಡೋಲ್ವೇ, ಹಾಗೆ. ಫೀಬಿ ಅಂದ್ರೂ ಚಂದ್ರ ಅಲ್ಲ, 'ಹೊಳೆಯುವವಳು'. ನಮ್ಮ ಪ್ರಭಾ ಅಂದುಕೊಳ್ಳಿ.

ಇನ್ನು ನಮ್ಮ ಮಾತು. ಕನ್ನಡದಲ್ಲಿ 'ತಿಂಗಳು' ಅಂದ್ರೆ ಚಂದ್ರನೂ ಹೌದು, ಮಾಸವೂ ಹೌದು. ಬೆಳದಿಂಗಳು ಅನ್ನುವಾಗ ಆ ಹಳೇ ಚಂದ್ರ ಇನ್ನೂ ಇಣುಕ್ತಾನೆ. ಗ್ರೀಕಿನಲ್ಲೂ 'ಮೇನ್' ಅಂದ್ರೆ ತಿಂಗಳು, 'ಮೇನೆ' ಅಂದ್ರೆ ಚಂದ್ರ. ಸಂಸ್ಕೃತದ 'ಮಾಸ' ಇದರ ದಾಯಾದಿ. ಡಾಕ್ಟರು ಹೇಳುವ 'ಮೆನೋಪಾಸ್' ಕೂಡ ಆ ಮೇನ್‌ನಿಂದಲೇ ಬಂದದ್ದು, ತಿಂಗಳಿನದು ನಿಲ್ಲೋದು ಅಂತ. ನಮ್ಮಜ್ಜಿಯರು 'ತಿಂಗಳು ನಿಂತಿತು' ಅಂತಿದ್ದದ್ದೂ ಅದನ್ನೇ ಅಲ್ವೇ?

ಈಗ ಆ ಹೆದರಿಕೆಯ ಯೋಗ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಅತ್ತೆಗೂ ಓದಿ ಹೇಳಿ. ಚಂದ್ರನ ಹಿಂದಿನ ಮನೆಯಲ್ಲೂ ಮುಂದಿನ ಮನೆಯಲ್ಲೂ, ಸೂರ್ಯನನ್ನು ಬಿಟ್ಟು ಬೇರೆ ಗ್ರಹ ಇಲ್ಲದಿದ್ದರೆ ಕೇಮದ್ರುಮ. ಪದ ಸಂಸ್ಕೃತದ ಹಾಗೆ ಕೇಳಿಸಿದರೂ ಮೂಲ ಗ್ರೀಕಿನ 'ಕೆನೊಡ್ರೋಮಿಯಾ'. ಕೆನೋಸ್ ಅಂದ್ರೆ ಬರಿದು, ಡ್ರೋಮೋಸ್ ಅಂದ್ರೆ ಓಟ. ಚಂದ್ರ ಜೊತೆಗಾರರಿಲ್ಲದೆ ಒಬ್ಬನೇ ಓಡೋದು, ಅಷ್ಟೇ. ಎರಡೂ ಕಡೆ ಗ್ರಹ ಇದ್ದರೆ 'ದುರುಧುರಾ'. ಅದು ಅವರ 'ಡೋರಿಫೋರಿಯಾ', ಈಟಿ ಹಿಡಿದ ಕಾವಲುಗಾರರು ಅಕ್ಕಪಕ್ಕ ನಡೆದ ಹಾಗೆ. ಸುನಫಾ, ಅನಫಾ ಕೂಡ ಅಲ್ಲಿಂದ ಬಂದವೇ. 6ನೇ ಶತಮಾನದ ವರಾಹಮಿಹಿರನ ಬೃಹಜ್ಜಾತಕದಲ್ಲಿ ಈ ನಾಲ್ಕೂ ಇವೆ. ಯವನರಿಂದ ಬಂದ ವಿದ್ಯೆಯನ್ನು ನಮ್ಮವರು ಮುಚ್ಚುಮರೆಯಿಲ್ಲದೆ ಗೌರವಿಸಿದರು.

ಇನ್ನೊಂದು ಮಾತು. ಚಂದ್ರನಿಂದ ಕೇಂದ್ರಸ್ಥಾನದಲ್ಲಿ ಗ್ರಹ ಇದ್ದರೆ ಈ ಯೋಗ ಭಂಗ ಆಗುತ್ತೆ ಅಂತ ಶಾಸ್ತ್ರದವರೇ ಹೇಳ್ತಾರೆ. ಆ 'ಕೇಂದ್ರ'ವೂ ಗ್ರೀಕಿನ 'ಕೆಂಟ್ರೋನ್'! ರೋಗದ ಹೆಸರೂ ಅವರದು, ಮದ್ದಿನ ಹೆಸರೂ ಅವರದು. ಎಳೆಗೂಸಿನ ತಲೆ ಮೇಲೆ ಹೊರಿಸಿ ಸಾವಿರಾರು ರೂಪಾಯಿ ಸುರಿಯಬೇಕಾದ ವಿಷಯ ಇದಲ್ಲ ಅಂತ ನನ್ನ ಅನಿಸಿಕೆ. ಮನಸ್ಸಿಗೆ ಸಮಾಧಾನ ಬೇಕಿದ್ದರೆ ಊರ ದೇವರಿಗೆ ಒಂದು ಹಣ್ಣುಕಾಯಿ ಮಾಡಿಸಿ, ಸಾಕು.

ಅತ್ತೆಯ ಜೊತೆ ಜಗಳ ಬೇಡ. ಜಾತಕದಲ್ಲೇ ಗ್ರೀಕ್ ಇದೆ ಅಂತ ತಿಳಿದರೆ ಅವರ ಸಿಟ್ಟೂ ಅರ್ಧ ಇಳಿಯಬಹುದು. ನಮ್ಮಲ್ಲಿ ಚಂದ್ರ ಗಂಡು, ಮಕ್ಕಳಿಗೆ ಚಂದಮಾಮ. ಅದಕ್ಕೇ ಹೆಣ್ಣುಮಕ್ಕಳಿಗೆ ಅವನ ಬೆಳಕು, ಕಲೆ, ಹುಣ್ಣಿಮೆಯ ಹೆಸರು ಜಾಸ್ತಿ: ಚಂದ್ರಿಕಾ, ಜ್ಯೋತ್ಸ್ನಾ, ಶಶಿಕಲಾ, ಪೂರ್ಣಿಮಾ. ಪೂರ್ವಾಭಾದ್ರದ ಎರಡನೇ ಪಾದಕ್ಕೆ 'ಸೋ' ಬರುತ್ತೆ. ನಕ್ಷತ್ರ ಅದೇ ಅಂತ ಅತ್ತೆ ಒಪ್ಪಿದರೆ ಸೋಮಪ್ರಭಾ ಅಂತ ತೊಟ್ಟಿಲಲ್ಲಿ ಕೂಗಿ, ಮನೆಯಲ್ಲಿ ಸೆಲೀನಾ ಅಂತ ಕರೆಯಿರಿ. ಅಥವಾ ತಿರುಗುಮುರುಗು ಮಾಡಿ, ಅದು ನಿಮಗೆ ಬಿಟ್ಟದ್ದು.

ಆದರೆ ದಾಖಲೆಗೆ ಹೋಗೋ ಹೆಸರು ಒಂದೇ ಇರಲಿ. ಹೆಸರಿಲ್ಲದೆಯೂ ಜನನ ನೋಂದಣಿ ಮಾಡಿಸಬಹುದು. ನೋಂದಣಿಯಾಗಿ 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ, ಆಮೇಲೆ ತಡ ಶುಲ್ಕ ಕಟ್ಟಬೇಕಾಗುತ್ತೆ. ಇಂಗ್ಲಿಷ್ ಸ್ಪೆಲಿಂಗನ್ನು ಹಾಳೆ ಮೇಲೆ ಬರೆದು, ಇಬ್ಬರೂ ನೋಡಿ, ಆಮೇಲೇ ಕೊಡಿ.