ಅರಮನೆಯ ಹೊಸ್ತಿಲು ದಾಟದ ಆಟಗಳು

ನಮ್ಮ ಡೊಂಬಿವಲಿಯ ಮನೆಯಲ್ಲಿ ಕಳೆದ ಮಳೆಗಾಲದಿಂದ ಇಪ್ಪತ್ತು ಮುಖದ ಒಂದು ದಾಳ ಓಡಾಡುತ್ತಿದೆ. ಸೋಫಾದ ಸಂದಿಯಲ್ಲಿ ಸಿಗುತ್ತದೆ, ಒಗೆಯಲು ಹಾಕಿದ ಪ್ಯಾಂಟಿನ ಜೇಬಿನಲ್ಲಿ ಸಿಗುತ್ತದೆ, ಒಮ್ಮೆ ಅಕ್ಕಿ ಡಬ್ಬದಲ್ಲೂ ಸಿಕ್ಕಿತ್ತು. ಒಂಬತ್ತನೇ ತರಗತಿಯ ಮಗ ಭಾನುವಾರ ಬಂತೆಂದರೆ ಕಲ್ಯಾಣದ ಗೆಳೆಯನ ಮನೆಗೆ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಡಲು ಹೋಗುತ್ತಾನೆ. ಐದಾರು ಹುಡುಗರು ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಆ ಕಥೆಯ ಪಾತ್ರಗಳಾಗುತ್ತಾರೆ. ಬೀಸಿದ ಕತ್ತಿ ತಗುಲಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಮಣೆ ಇಲ್ಲದಿದ್ದರೂ ನಡೆಯುತ್ತದೆ, ಕಾಯಿ ಇಲ್ಲದಿದ್ದರೂ ನಡೆಯುತ್ತದೆ, ನಿಯಮದ ಪುಸ್ತಕ ಮಾತ್ರ ಬೇಕೇ ಬೇಕು.

"ಇದನ್ನ ಮಾಡಿದ್ದು ಯಾರೋ?" ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಥಾಣೆಯಲ್ಲಿ ರೈಲು ಬದಲಿಸಿ ಐರೋಲಿಯ ಆಫೀಸು ಸೇರುವ ದಾರಿಯಲ್ಲಿ ನಾನೇ ಓದಿಕೊಂಡೆ.

1973ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡಾನ್ ಕೇ ಎಂಬ ಗೆಳೆಯರು ಟ್ಯಾಕ್ಟಿಕಲ್ ಸ್ಟಡೀಸ್ ರೂಲ್ಸ್ ಎಂಬ ಕಂಪನಿ ಕಟ್ಟಿದರು. ಮುಂದೆ ಅದು ಟಿಎಸ್‌ಆರ್ ಎಂದೇ ಹೆಸರಾಯಿತು. ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ರೂಪಿಸಿದ ಈ ಆಟವನ್ನು 1974ರಲ್ಲಿ ಹೊರತಂದರು. ಒಂದು ಡಬ್ಬಿಯಲ್ಲಿ ಮೂರು ಕಿರುಪುಸ್ತಕ, ಬೆಲೆ 10 ಡಾಲರ್, ಮೊದಲ ಮುದ್ರಣ 1000 ಪ್ರತಿ. ಮರುವರ್ಷವೇ ಡಾನ್ ಕೇ ತೀರಿಕೊಂಡರು. 1985ರಲ್ಲಿ ಕಂಪನಿ ಗೈಗ್ಯಾಕ್ಸ್ ಕೈತಪ್ಪಿತು. 1997ರಲ್ಲಿ ಸಾಲದಲ್ಲಿ ಮುಳುಗಿದ್ದ ಟಿಎಸ್‌ಆರ್ ಅನ್ನು ವಿಝರ್ಡ್ಸ್ ಆಫ್ ದಿ ಕೋಸ್ಟ್ ಕೊಂಡಿತು, 1999ರಲ್ಲಿ ಆ ವಿಝರ್ಡ್ಸನ್ನು ಹ್ಯಾಸ್ಬ್ರೊ ಕೊಂಡಿತು. ಇಷ್ಟೆಲ್ಲ ಕೈ ಬದಲಾದರೂ ಆಟ ಕಲ್ಯಾಣದವರೆಗೆ ಬಂದಿದೆ. 2000ದಲ್ಲಿ ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸಿ ಹೊಸ ಪುಸ್ತಕ ಬರೆಯಬಹುದೆಂಬ ಪರವಾನಗಿ ಕೊಟ್ಟರು. 2023ರ ಜನವರಿಯಲ್ಲಿ ಅದನ್ನು ಬಿಗಿಗೊಳಿಸಲು ಹೋದಾಗ ಆಡುವವರು ಎಂಥ ಗಲಾಟೆ ಎಬ್ಬಿಸಿದರೆಂದರೆ, ಅದೇ ತಿಂಗಳು ಕಂಪನಿ ಆ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿ ಬಿಟ್ಟುಕೊಟ್ಟಿತು. ಸಾಫ್ಟ್‌ವೇರ್‌ನವನಾದ ನನಗೆ ಇದನ್ನು ಓದಿ ಆದ ಖುಷಿ ಅಷ್ಟಿಷ್ಟಲ್ಲ.

ಆ ಖುಷಿಯ ಬೆನ್ನಿಗೇ ಮುಮ್ಮಡಿ ಕೃಷ್ಣರಾಜ ಒಡೆಯರು ನೆನಪಾದರು.

ಅವರು 1799ರಲ್ಲಿ ಪಟ್ಟಕ್ಕೆ ಬಂದಾಗ ಐದು ವರ್ಷದ ಮಗು. 1831ರಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತ ಕಿತ್ತುಕೊಂಡರು. ಸಿಂಹಾಸನ ಉಳಿಯಿತು, ಅಧಿಕಾರ ಹೋಯಿತು. ರಾಜ್ಯ ಮರಳಿ ಕೊಡಿ ಎಂದು ಅರ್ಜಿಯ ಮೇಲೆ ಅರ್ಜಿ ಬರೆಯುತ್ತಲೇ, 1868ರಲ್ಲಿ ತೀರಿಕೊಳ್ಳುವವರೆಗಿನ 37 ವರ್ಷಗಳಲ್ಲಿ ಅವರು ಮಾಡಿದ ಕೆಲಸಗಳಲ್ಲಿ ಒಂದು, ಆಟ ಕಟ್ಟುವುದು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ನಡೆಗಳನ್ನು ಹೆಣೆದರು. ಅವುಗಳಲ್ಲೊಂದಕ್ಕೆ ನಡೆಯ ಕ್ರಮದಲ್ಲಿ 1ರಿಂದ 64ರವರೆಗೆ ಅಂಕಿ ತುಂಬಿದರೆ ಪ್ರತಿ ಅಡ್ಡಸಾಲೂ ಪ್ರತಿ ಉದ್ದಸಾಲೂ ಕೂಡಿ 260 ಆಗುತ್ತದೆ. ಕಂಪ್ಯೂಟರ್ ಮುಂದಿಟ್ಟುಕೊಂಡೂ ನನಗೆ ಅಂಥದ್ದೊಂದನ್ನು ಬರೆಯಲು ಎಷ್ಟು ರಾತ್ರಿ ಬೇಕಾದೀತೋ!

ಅದಕ್ಕಿಂತ ನನ್ನನ್ನು ಹಿಡಿದದ್ದು ಅವರ ಛದ ಆಟಗಳು. ಛದ ಎಂದರೆ ಎಲೆ. ನಾವು ಇಸ್ಪೀಟ್ ಎಲೆ ಅನ್ನುತ್ತೇವಲ್ಲ, ಹಾಗೆ. ಕೈಯಲ್ಲಿ ಚಿತ್ರ ಬರೆದ ಗಂಜೀಫಾ ಎಲೆಗಳ ಹಳೇ ಸಂಪ್ರದಾಯವನ್ನು ಅವರು ಎಲ್ಲಿಗೋ ಬೆಳೆಸಿದರು. ಒಂದು ಬಣ್ಣಕ್ಕೆ ಸಾಮಾನ್ಯವಾಗಿ ಹನ್ನೆರಡು ಅಂಕಿಯ ಎಲೆ, ಆರು ಚಿತ್ರದ ಎಲೆ. ದೊಡ್ಡ ಕಟ್ಟಿನಲ್ಲಿ 360 ಎಲೆ! ನಮ್ಮ ಇಸ್ಪೀಟು 52ಕ್ಕೇ ಸುಸ್ತಾಗುತ್ತದೆ. ದೇವತೆಗಳು, ವಾಹನಗಳು, ಆಯುಧಗಳು ತುಂಬಿದ ಆ ಎಲೆಗಳನ್ನು ನೋಡಿದರೆ ಮಗನ ಡ್ರ್ಯಾಗನ್ನುಗಳು ಸಪ್ಪೆ ಅನ್ನಿಸುತ್ತವೆ. ಆಟಗಳ ವಿವರ 'ಶ್ರೀತತ್ತ್ವನಿಧಿ'ಯ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ ಸೇರಿತು.

ಆದರೆ ಅಷ್ಟು ಎಲೆಗಳನ್ನು ಕೈಯಲ್ಲಿ ಬರೆಸುವ ಶಕ್ತಿ ಯಾರಿಗಿತ್ತು? ಅಷ್ಟು ನಿಯಮ ನೆನಪಿಡುವ ಬಿಡುವು ಯಾರಿಗಿತ್ತು? ಆಟಗಳು ಬಹುಮಟ್ಟಿಗೆ ಅರಮನೆಯಲ್ಲೇ ಉಳಿದುಬಿಟ್ಟವು. ಈಗ ಎಲೆಗಳು ಸಂಗ್ರಹಾಲಯಗಳಲ್ಲಿವೆ, ಆಡುವವರಿಲ್ಲ.

ಈ ಕಥೆಗೆ ನಮ್ಮ ಮುಂಬಯಿಯ ಎರಡು ಕೊಂಡಿಗಳಿವೆ. ಶ್ರೀತತ್ತ್ವನಿಧಿಯನ್ನು ಸುಮಾರು ನೂರಿಪ್ಪತ್ತು ವರ್ಷದ ಹಿಂದೆ ಅಚ್ಚು ಹಾಕಿದ್ದು ಇಲ್ಲಿನ ಶ್ರೀ ವೆಂಕಟೇಶ್ವರ ಸ್ಟೀಮ್ ಪ್ರೆಸ್ಸಿನ ಖೇಮರಾಜ್ ಶ್ರೀಕೃಷ್ಣದಾಸ್. ದೇವನಾಗರಿ ಲಿಪಿಯ ಪಠ್ಯ ಮಾತ್ರ, ಚಿತ್ರಗಳಿಲ್ಲ. ಚಿತ್ರವೇ ಪ್ರಾಣವಾದ ಗ್ರಂಥಕ್ಕೆ ಅದು ಅರ್ಧ ಜನ್ಮವೇ ಸರಿ, ಆದರೂ ಒಂದು ಜನ್ಮ. ಇನ್ನೊಬ್ಬರು ರುಡಾಲ್ಫ್ ಫಾನ್ ಲೈಡನ್. ಜರ್ಮನಿಯಿಂದ ಬಂದು ಮುಂಬಯಿಯಲ್ಲಿ ಕಲಾವಿಮರ್ಶಕರಾಗಿ ನೆಲೆಸಿದ ಇವರಿಗೆ ಗಂಜೀಫಾ ಸಂಗ್ರಹಿಸುವ ಹುಚ್ಚು. 1973ರಲ್ಲಿ ಮೈಸೂರಿನ ಛದ ಎಲೆಗಳ ಬಗ್ಗೆಯೇ ಪುಸ್ತಕ ಬರೆದರು. ಲೇಕ್ ಜಿನೀವಾದ ಗೆಳೆಯರು ಕಂಪನಿ ಕಟ್ಟಿದ್ದೂ ಅದೇ ವರ್ಷ. ಮೈಸೂರು ಅರಸರ ಆಟವನ್ನು ಜಗತ್ತಿಗೆ ತಿಳಿಸಲು ಜರ್ಮನ್ನರೊಬ್ಬರು ಬೇಕಾಯಿತಲ್ಲ ಎಂದು ಸ್ವಲ್ಪ ಹೊಟ್ಟೆ ಉರಿಯಿತು.

ಆ ಉರಿಯಲ್ಲೇ ಫಡ್ಕೆ ರಸ್ತೆಯ ಪೂಜಾ ಸಾಮಾನಿನ ಅಂಗಡಿಯಿಂದ ನಾಲ್ಕು ಕವಡೆ ತಂದೆ. ಮಗನಿಗೆ ಚೌಕಾಬಾರ ಕಲಿಸೋಣವೆಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ ಬರೆದೆ. ಆಟ ಶುರುವಾಗಿ ಹತ್ತು ನಿಮಿಷಕ್ಕೆ ಜಗಳ. ಒಂದಾದರೂ ಕಾಯಿ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂದು ಧಾರವಾಡದ ಹೆಂಡತಿ. ಹೋಗಬಹುದು, ನಮ್ಮಜ್ಜಿ ಮನೆಯಲ್ಲಿ ಹಾಗೇ ಆಡುತ್ತಿದ್ದೆವು ಎಂದು ನಾನು. ಮಗ ನಮ್ಮಿಬ್ಬರ ಮುಖ ನೋಡಿ, "ಅಪ್ಪಾ, ರೂಲ್‌ಬುಕ್ ಎಲ್ಲಿ?" ಅಂದ.

ಅಜ್ಜಿ ಹೋಗಿ ಹದಿನಾರು ವರ್ಷವಾಯಿತು. ತಿಪಟೂರಿನ ಸೋದರತ್ತೆಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಮಗ ನೋಟ್‌ಬುಕ್ ಹಿಡಿದು ಕೂತ. ಅತ್ತೆ ಜೋರಾಗಿ ನಕ್ಕರು.

"ಕಡೀದೆ ಒಳಗೆ ಹೋಗೋ ಹಾಗೇ ಇಲ್ಲ ಕಣೋ. ನೀನು ಸೋತರೆ ಊಟ ಬಿಟ್ಟು ಕೂರ್ತಿದ್ದೆ ಅಂತ ಅಮ್ಮ ನಿನ್ನೊಬ್ಬನಿಗೆ ಬಿಟ್ಟಿದ್ದಳು."

ಮಗ ಅದನ್ನೂ ಬರೆದುಕೊಂಡ.